ಟೆನಿಸ್: ಕೋಟಿಯ ಸುದ್ದಿಯೂ ಎಂ15 ಲೆಕ್ಕವೂ

ಮಾನ್ಯರೇ,

ಟೆನಿಸ್ ಎಂದರೆ ಕೋಟಿಗಟ್ಟಲೆ ಗಳಿಕೆ ಎಂದು ನಂಬಿ ಮಕ್ಕಳನ್ನು ಹತ್ತನೇ ತರಗತಿಗೇ ಶಾಲೆ ಬಿಡಿಸಲು ಹೊರಟಿರುವ ಪುಣೆ, ಮುಂಬೈಯ ಕನ್ನಡಿಗ ಪೋಷಕರು ಮೊದಲು ಎಂ15 ಟೂರ್ನಿಯ ಲೆಕ್ಕ ನೋಡಬೇಕು. ಪುರುಷರ ವೃತ್ತಿಪರ ಟೆನಿಸ್‌ನ ಮೊದಲ ಮೆಟ್ಟಿಲು ಅದೇ. ಒಟ್ಟು ಬಹುಮಾನ 15,000 ಡಾಲರ್. ಐದು ಪಂದ್ಯ ಗೆದ್ದು ಸಿಂಗಲ್ಸ್ ಪ್ರಶಸ್ತಿ ಎತ್ತಿದವನ ಪಾಲು 2,160, ಮೊದಲ ಸುತ್ತಿನಲ್ಲಿ ಸೋತವನದು 156. ಅದರಲ್ಲೂ ತೆರಿಗೆ ಮುರಿದುಕೊಳ್ಳುತ್ತಾರೆ. ವಿಮಾನ, ಹೋಟೆಲು, ಊಟದ ಜೊತೆಗೆ ರಾಕೆಟ್‌ ತಂತಿಯ ಖರ್ಚು ಬೇರೆ. ಈಗಿನ ಪಾಲಿಯೆಸ್ಟರ್ ತಂತಿ ಕಡಿಯದಿದ್ದರೂ ಕೆಲವೇ ಗಂಟೆಗಳ ಆಟಕ್ಕೆ ಬಿಗಿ ಕಳೆದುಕೊಳ್ಳುತ್ತದೆ, ಚೆಂಡು ಗೆರೆಯಾಚೆ ಹಾರತೊಡಗುತ್ತದೆ. ಕೋಚ್ ಜೊತೆಗೆ ಹೊರಟರೆ ಪ್ರಯಾಣ, ವಸತಿ ಎರಡರಷ್ಟು. ಈ ಮಟ್ಟದಲ್ಲಿ ಬಹಳ ಹುಡುಗರು ಒಬ್ಬರೇ ತಿರುಗುವುದು ಇದಕ್ಕೇ.

ರ‍್ಯಾಂಕ್ ನಿರ್ಧರಿಸುವ ಪಾಯಿಂಟ್ ವಿಷಯದಲ್ಲೂ ಇದೇ ಕಥೆ. ಪ್ರಶಸ್ತಿಗೆ 15, ಒಂದು ಪಂದ್ಯ ಗೆದ್ದರೆ ಬರೀ 1. ಅವೂ 52 ವಾರಕ್ಕೆ ಉದುರುತ್ತವೆ. ಮಣಿಕಟ್ಟು ನೋವೆಂದು ಮೂರು ತಿಂಗಳು ಕೂತರೆ ಹಿಂದಿನ ವರ್ಷ ಅದೇ ತಿಂಗಳುಗಳಲ್ಲಿ ಗಳಿಸಿದ್ದೆಲ್ಲ ಹೋಗಿ, ಮತ್ತೆ ಅರ್ಹತಾ ಸುತ್ತಿನಿಂದ ಶುರು. ಆರು ತಿಂಗಳಿಗಿಂತ ಕಡಿಮೆ ಅವಧಿಯ ಗಾಯಕ್ಕೆ, ಹಳೆಯ ರ‍್ಯಾಂಕಿನಲ್ಲೇ ಟೂರ್ನಿಗೆ ಸೇರಿಸಿಕೊಳ್ಳುವ ರ‍್ಯಾಂಕಿಂಗ್ ರಕ್ಷಣೆ ಇಲ್ಲ.

ಹಣ ಕಾಣುವುದು ಗ್ರ್ಯಾಂಡ್‌ಸ್ಲಾಮ್ ಅರ್ಹತಾ ಸುತ್ತು ಮುಟ್ಟಿದ ಮೇಲೆ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತೆಯ ಮೊದಲ ಪಂದ್ಯ ಸೋತವರಿಗೂ 35,000 ಆಸ್ಟ್ರೇಲಿಯನ್ ಡಾಲರ್ ಇತ್ತು, ಅಂದರೆ ಹೆಚ್ಚುಕಡಿಮೆ ಹತ್ತು ಎಂ15 ಪ್ರಶಸ್ತಿಗಳ ಮೊತ್ತ. ಹಾಗೆಂದು ವಿಶ್ವ ರ‍್ಯಾಂಕಿನಲ್ಲಿ 200ರೊಳಗೆ ಬಂದರೂ ನಿಶ್ಚಿಂತೆಯಿಲ್ಲ: 2023ರಲ್ಲಿ ದೇಶದ ಅಗ್ರ ಸಿಂಗಲ್ಸ್ ಆಟಗಾರ ಸುಮಿತ್ ನಾಗಲ್ ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದಿದ್ದರು.

ಪುಣೆಯ ಬಾಲೇವಾಡಿಯಲ್ಲಿ ನಡೆಯುತ್ತಿದ್ದ, ಎಂ15ಗಿಂತ ಬಹಳ ಮೇಲಿನ ಮಟ್ಟದ ಎಟಿಪಿ 250 ಟೂರ್ನಿ 2023ರ ನಂತರ ಕೈತಪ್ಪಿದ್ದಕ್ಕೆ ಮರುಗಿದವರು ಬಹಳ. 600ನೇ ರ‍್ಯಾಂಕಿನ ಹುಡುಗನಿಗೆ ಅದರಿಂದ ಸಿಗುತ್ತಿದ್ದುದು, ಅದೃಷ್ಟವಿದ್ದರೆ, ಒಂದು ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕ್ ಸಾಲದಿದ್ದರೂ ಸಂಘಟಕರು ಕೊಡುವ ಪ್ರವೇಶ. ಅವನಿಗೆ ಬೇಕಿರುವುದು ಪುಣೆ, ಸೊಲ್ಲಾಪುರ, ಮುಂಬೈ, ಗೋವಾಗಳಲ್ಲಿ ಒಂದರ ಬೆನ್ನಿಗೊಂದು ನಾಲ್ಕು ವಾರ ಎಂ15, ಅದರ ಮೇಲಿನ ಮೆಟ್ಟಿಲಾದ ಎಂ25 ಟೂರ್ನಿಗಳು. ರೈಲು, ಬಸ್ಸಿನಲ್ಲೇ ಓಡಾಡಬಹುದು. ಸೋಮವಾರ ಸೋತವನಿಗೆ ಮುಂದಿನ ವಾರ ಕಾದಿರುತ್ತದೆ. ನಡುವೆ ಒಂದು ವಾರ ಖಾಲಿ ಬಿಟ್ಟರೆ ಹೊರರಾಜ್ಯದವರ ಉಳಿತಾಯವೆಲ್ಲ ಊರಿಗೆ ಹೋಗಿಬರುವ ಟಿಕೆಟ್ಟಿಗೇ ಸರಿ. ಸಂಘಟಕರು ಇದನ್ನು ಗಮನಿಸಲಿ.

ನಮ್ಮ ಕನ್ನಡ ಸಂಘಗಳೂ ಗೆದ್ದವರಿಗೆ ಶಾಲು ಹೊದಿಸುವುದರ ಬದಲು ಆ ವಾರಗಳಲ್ಲಿ ನಾಲ್ಕಾರು ಆಟಗಾರರಿಗೆ ಸದಸ್ಯರ ಮನೆಗಳಲ್ಲಿ ಕೋಣೆ ಕೊಡಿಸಲಿ. ಟೂರ್ನಿಗೆ ಹೆಸರು ಕೊಡುವ ಗಡುವು ಆ ವಾರದ ಸೋಮವಾರಕ್ಕಿಂತ 18 ದಿನ ಮೊದಲೇ, ಗುರುವಾರ ಮುಗಿಯುತ್ತದೆ. ಯಾರು ಬರುತ್ತಾರೆಂದು ತಿಳಿದು ಏರ್ಪಾಟು ಮಾಡಲು ಎರಡು ವಾರ ಧಾರಾಳ.

– ಕನ್ನಡಿಗ ಟೆನಿಸ್ ತರಬೇತುದಾರರು, ಪುಣೆ