ಮೆಕ್ಸಿಕೊದ ಪೆಸೊ: ಬೆಳ್ಳಿ ಎಷ್ಟು ಅಂತ ಇಸವಿಯನ್ನು ಕೇಳಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ನಾಣ್ಯಗಳ ಬಗ್ಗೆ ನಿಮ್ಮಲ್ಲಿ ಬಂದ ಬರಹವನ್ನು ಖುಷಿಯಿಂದ ಓದಿದೆ. ಆದರೆ ಅದರಲ್ಲಿ, ಮೆಕ್ಸಿಕೊದ ಹಳೆಯ ಪೆಸೊಗಳೆಲ್ಲ ಬೆಳ್ಳಿಯವು, ಕರಗಿಸಿದರೂ ಒಳ್ಳೆ ದುಡ್ಡು ಬರುತ್ತದೆ ಎಂಬ ಒಂದು ಸಾಲಿತ್ತು. ಅದನ್ನು ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ. ಇದೇ ಮಾತನ್ನು ನಂಬಿ ನಾನು ದುಡ್ಡು ಕಳೆದುಕೊಂಡಿದ್ದೇನೆ.

ಕೆಲಸದ ಮೇಲೆ ಮೆಕ್ಸಿಕೊ ನಗರದಲ್ಲಿದ್ದಾಗ ಭಾನುವಾರದ ಸಂತೆಗೆ ಹೋಗುವ ರೂಢಿ ಇತ್ತು. ಅಲ್ಲಿ ಒಬ್ಬರ ಹತ್ತಿರ ಅರವತ್ತು ಪೆಸೊಗಳ ಒಂದು ಚೀಲ ಕೊಂಡೆ. ಮೇಲಿದ್ದ ಐದು ನಾಣ್ಯಗಳನ್ನು ಅವರೇ ತೆಗೆದು ಕೈಗೆ ಕೊಟ್ಟರು. ಒಂದು ಕಡೆ ಹದ್ದು, ಇನ್ನೊಂದು ಕಡೆ ಸುತ್ತಲೂ ಕಿರಣ ಚಿಮ್ಮುವ ಟೋಪಿ, ಕೆಳಗೆ ಸಣ್ಣದಾಗಿ 0.720 ಎಂಬ ಅಂಕಿ. ತಕ್ಕಡಿಗೆ ಇಟ್ಟರೆ ಚೀಲ ಒಂದು ಕೆಜಿಗೆ ಸ್ವಲ್ಪ ಕಮ್ಮಿ ತೂಗಿತು. ಲೆಕ್ಕ ಸರಿಯಾಗಿದೆ ಅಂದುಕೊಂಡೆ. ರೂಮಿಗೆ ಬಂದು ದೀಪದ ಕೆಳಗೆ ಸುರಿದು ನೋಡಿದರೆ ಉಳಿದ ಐವತ್ತೈದರ ಮೇಲೂ ಟೋಪಿ ಇಲ್ಲ, ಮೆಕ್ಸಿಕೊದ ಸ್ವಾತಂತ್ರ್ಯ ಹೋರಾಟಗಾರ ಮೊರೆಲೊಸ್ ಅವರ ಮುಖ ಇದೆ. ಇಸವಿಗಳು 1957ರಿಂದ 1967ರೊಳಗೆ. ಸವೆದ ಕಡೆ, ಅಂದರೆ ಕೆನ್ನೆ ಮತ್ತು ಭುಜದ ಹತ್ತಿರ, ಬಿಳುಪು ಹೋಗಿ ಹಳದಿ ಬಣ್ಣ ಇಣುಕುತ್ತಿತ್ತು.

ಟೋಪಿಯ ಪೆಸೊ 1920ರಿಂದ 1945ರವರೆಗಿನದು. ತೂಕ 16.66 ಗ್ರಾಂ, ಸಾವಿರಕ್ಕೆ 720 ಪಾಲು ಬೆಳ್ಳಿ, ಅಂದರೆ ಒಂದೊಂದರಲ್ಲೂ 12 ಗ್ರಾಂ ಅಪ್ಪಟ ಬೆಳ್ಳಿ. ಮೊರೆಲೊಸ್ ಪೆಸೊ 16 ಗ್ರಾಂ ತೂಗುತ್ತದೆ, ಅಗಲವೂ ಹೆಚ್ಚುಕಮ್ಮಿ ಅಷ್ಟೇ, ಆದರೆ ಬೆಳ್ಳಿ ಸಾವಿರಕ್ಕೆ 100 ಪಾಲು ಮಾತ್ರ. ಒಂದಕ್ಕೆ ಬರೀ 1.6 ಗ್ರಾಂ! ಅರವತ್ತೂ ಟೋಪಿಯವೇ ಆಗಿದ್ದರೆ 720 ಗ್ರಾಂ ಬೆಳ್ಳಿ ಸಿಗಬೇಕಿತ್ತು. ನನ್ನ ಚೀಲದಲ್ಲಿದ್ದದ್ದು 148 ಗ್ರಾಂ. ತಕ್ಕಡಿಯಲ್ಲಿ ಮಾತ್ರ ಎರಡಕ್ಕೂ ನಲವತ್ತು ಗ್ರಾಂನಷ್ಟೂ ವ್ಯತ್ಯಾಸ ಬರುವುದಿಲ್ಲ, ನಾನು ಏಮಾರಿದ್ದು ಅಲ್ಲೇ.

ಪೆಸೊ ಅನ್ನುವ ಹೆಸರು ಒಂದೇ, ಒಳಗಿನ ಬೆಳ್ಳಿ ಮಾತ್ರ ಹಂತ ಹಂತವಾಗಿ ಇಳಿಯುತ್ತಾ ಬಂದಿದೆ. 1910ರಿಂದ 1914ರವರೆಗೆ ಬಂದ ಕುದುರೆ ಚಿತ್ರದ ಪೆಸೊ, ಅಲ್ಲಿನವರು ಪ್ರೀತಿಯಿಂದ ಕಬಾಯಿತೊ ಅನ್ನುತ್ತಾರೆ, 27.07 ಗ್ರಾಂ ತೂಗುತ್ತದೆ, ಅದರಲ್ಲಿ 24.44 ಗ್ರಾಂ ಬೆಳ್ಳಿಯೇ. 1918ರಲ್ಲಿ ತೂಕ 18.13 ಗ್ರಾಂಗೆ ಇಳಿಯಿತು, ಬೆಳ್ಳಿ 800 ಪಾಲಾಯಿತು. ಆಮೇಲೆ ಬಂದದ್ದೇ ಈ 720ರ ಟೋಪಿ. 1947ರಲ್ಲಿ 14 ಗ್ರಾಂ, ಅರ್ಧ ಬೆಳ್ಳಿ. 1950ರಲ್ಲಿ 300 ಪಾಲು. 1957ರಲ್ಲಿ 100 ಪಾಲು. 1970ರಿಂದ ಪೂರ್ತಿ ತಾಮ್ರ ನಿಕಲ್ ಬೆರಕೆ. ಬೆಳ್ಳಿ ದುಬಾರಿಯಾಗಿ ನಾಣ್ಯದ ಮುಖಬೆಲೆಗಿಂತ ಒಳಗಿನ ಲೋಹಕ್ಕೇ ಬೆಲೆ ಜಾಸ್ತಿ ಆದಾಗ ಜನ ಅದನ್ನು ಖರ್ಚು ಮಾಡುವುದಿಲ್ಲ, ಪೆಟ್ಟಿಗೆಗೆ ಸೇರಿಸುತ್ತಾರೆ ಇಲ್ಲವೇ ಕುಲುಮೆಗೆ ಹಾಕುತ್ತಾರೆ. ಚಲಾವಣೆಯಲ್ಲಿ ನಾಣ್ಯ ಉಳಿಯಬೇಕು ಅಂದರೆ ಸರ್ಕಾರ ಬೆಳ್ಳಿ ಕಮ್ಮಿ ಮಾಡಲೇಬೇಕು, ಅಲ್ವಾ?

ದೊಡ್ಡ ನಾಣ್ಯಗಳಲ್ಲೂ ಇದೇ ಕಥೆ. 1947-48ರ ಐದು ಪೆಸೊ, ಅಜ್ಟೆಕ್ ದೊರೆ ಕ್ವಾಉತೆಮೊಕ್ ಮುಖದ್ದು, 30 ಗ್ರಾಂ ತೂಗುತ್ತದೆ, ಅದರಲ್ಲಿ 27 ಗ್ರಾಂ ಬೆಳ್ಳಿ. 1955ರ ಐದು ಪೆಸೊದಲ್ಲಿ 13 ಗ್ರಾಂ. 1971ರ ನಂತರದ್ದರಲ್ಲಿ ಏನೂ ಇಲ್ಲ. ನೂರು ಪೆಸೊ ಅಂದರಂತೂ ಇನ್ನೂ ಹುಷಾರಾಗಿರಬೇಕು. 1977ರಿಂದ 1979ರವರೆಗಿನದರಲ್ಲಿ 20 ಗ್ರಾಂ ಬೆಳ್ಳಿ ಇದೆ, 1984ರಿಂದ ಬಂದ, ಹಿಂದಿನ ಅಧ್ಯಕ್ಷ ಕರಾನ್ಸಾ ಮುಖದ ನೂರು ಪೆಸೊ ಅಲ್ಯೂಮಿನಿಯಂ ಕಂಚು. 1990ರ ದಶಕದಲ್ಲಿ ಬೆಳ್ಳಿ ಸ್ವಲ್ಪ ದಿನ ವಾಪಸ್ ಕೂಡ ಬಂತು. ಡಾಲರ್ ಚಿಹ್ನೆಗಿಂತ ಮೊದಲು ಎನ್ ಅಕ್ಷರ (N$) ಇರುವ ಹತ್ತು ಹೊಸ ಪೆಸೊ ನಾಣ್ಯದ ನಡುಬಿಲ್ಲೆಯಲ್ಲಿ ಔನ್ಸಿನ ಆರನೇ ಒಂದು ಭಾಗ ಬೆಳ್ಳಿ ಇದೆ. ಎನ್ ಹೋದ ಮೇಲಿನ ಹತ್ತು ಪೆಸೊ ನೋಡಲು ಹಾಗೇ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಹತ್ತೊಂಬತ್ತನೇ ಶತಮಾನದ ಎಂಟು ರಿಯಾಲ್, ಅಂದರೆ ಪೆಸೊಗೆ ಸಮನಾದ ಹಳೆಯ ಬೆಳ್ಳಿ ನಾಣ್ಯ. ಅದರ ಮುಖದ ಮೇಲೆ ಅಂಚಿನ ಸುತ್ತ ಟಂಕಸಾಲೆಯ ಗುರುತು, ಇಸವಿ, ಬೆಳ್ಳಿ ಪರೀಕ್ಷೆ ಮಾಡಿದವರ ಹೆಸರಿನ ಮೊದಲ ಅಕ್ಷರಗಳು, ಕೊನೆಗೆ 10 ದಿನೆರೊ 20 ಗ್ರಾನೊ ಎಂಬ ಬರಹದ ಸಂಕ್ಷೇಪ ಇರುತ್ತದೆ. ಅಪ್ಪಟ ಬೆಳ್ಳಿ ಅಂದರೆ 12 ದಿನೆರೊ, ಒಂದೊಂದು ದಿನೆರೊಗೆ 24 ಗ್ರಾನೊ. ಲೆಕ್ಕ ಹಾಕಿದರೆ 288ರಲ್ಲಿ 260, ಸಾವಿರಕ್ಕೆ 903 ಪಾಲು. ಬೆಳ್ಳಿ ಎಷ್ಟಿದೆ ಅಂತ ನಾಣ್ಯವೇ ತನ್ನ ಮೈಮೇಲೆ ಬರೆದುಕೊಂಡು ಚೀನಾವರೆಗೂ ಹೋಗಿ ವ್ಯಾಪಾರ ಮಾಡಿತು. ಅಲ್ಲಿನ ವರ್ತಕರು ಪರೀಕ್ಷಿಸಿ ಒತ್ತಿದ ಮುದ್ರೆಗಳು ಇವತ್ತಿಗೂ ಎಷ್ಟೋ ನಾಣ್ಯಗಳ ಮೇಲಿವೆ. ಇದರ ನಕಲಿಗಳೂ ಬಹಳ, ತೂಕ 27 ಗ್ರಾಂನ ಆಸುಪಾಸಿನಲ್ಲಿ ಇಲ್ಲದಿದ್ದರೆ ಅಥವಾ ಆಯಸ್ಕಾಂತಕ್ಕೆ ಅಂಟಿದರೆ ಮುಟ್ಟಲೇಬೇಡಿ.

ಲೋಹದ ಬೆಲೆ ತಿಳಿಯೋದು ಕಷ್ಟವಲ್ಲ. ಗ್ರಾಂನಲ್ಲಿ ತೂಕ, ಬೆಳ್ಳಿಯ ಪಾಲು, ಆ ದಿನದ ಗ್ರಾಂ ಬೆಲೆ, ಮೂರನ್ನೂ ಗುಣಿಸಿ. ಬೆಲೆ ಔನ್ಸಿಗೆ ಹೇಳಿದ್ದರೆ ಮೊದಲು 31.1ರಿಂದ ಭಾಗಿಸಿ. ಪುಸ್ತಕದ ತೂಕ ನಂಬಬೇಡಿ, ಸವೆದ ನಾಣ್ಯವನ್ನು ತೂಗಿಯೇ ನೋಡಿ. ಕರಗಿಸುವವರು ತಮ್ಮ ಖರ್ಚು ಹಿಡಿದುಕೊಂಡೇ ಕೊಡುತ್ತಾರೆ, ಹಾಗಾಗಿ ಲೆಕ್ಕದ ಮೊತ್ತ ಪೂರ್ತಿ ಕೈಗೆ ಬರುವುದಿಲ್ಲ. 100 ಪಾಲಿನ ಮೊರೆಲೊಸ್ ಪೆಸೊದಲ್ಲಂತೂ ಅಷ್ಟು ತಾಮ್ರದೊಳಗಿಂದ 1.6 ಗ್ರಾಂ ಬೆಳ್ಳಿ ಬೇರೆ ಮಾಡುವ ಖರ್ಚಿಗೇ ಲಾಭ ಕರಗಿಹೋಗುತ್ತದೆ.

ಇನ್ನು ಕಬಾಯಿತೊ, ಎಂಟು ರಿಯಾಲ್ ಇಂಥವನ್ನು ದಯವಿಟ್ಟು ಕರಗಿಸಬೇಡಿ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಒಳ್ಳೊಳ್ಳೆ ನಾಣ್ಯಗಳೆಲ್ಲ ಕುಲುಮೆ ಸೇರಿದವು. ಚೆನ್ನಾಗಿ ಉಳಿದ ಒಂದು ಕಬಾಯಿತೊಗೆ ಸಂಗ್ರಹಕಾರರು ಅದರೊಳಗಿನ ಬೆಳ್ಳಿಗಿಂತ ಎಷ್ಟೋ ಜಾಸ್ತಿ ಕೊಡುತ್ತಾರೆ.

ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಈ ನಾಣ್ಯಗಳ ಬಗ್ಗೆ ಬರೆದಾಗ ಫೋಟೊದ ಕೆಳಗೆ ಇಸವಿ, ತೂಕ, ಬೆಳ್ಳಿಯ ಪಾಲು ಮೂರನ್ನೂ ಹಾಕಿ. ಟೋಪಿಯ ಪೆಸೊ ಮತ್ತು ಮೊರೆಲೊಸ್ ಪೆಸೊ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು. ಬೇಕಿದ್ದರೆ ನನ್ನ ಚೀಲದಲ್ಲಿರುವ ಎರಡನ್ನು ಫೋಟೊ ತೆಗೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ