ಕಾಳಿಯ ಕಾಡಿಗೆ ಮೊದಲು ಕಡವೆ, ಆಮೇಲೆ ಹುಲಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ಮೃಗಾಲಯದಲ್ಲಿ ಹುಟ್ಟಿದ ಹುಲಿಗಳಿಗೆ ಬೇಟೆ ಕಲಿಸಿ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಬಿಡಬಾರದೇಕೆ ಎಂಬ ಮಾತು ಕಾರವಾರ, ಜೊಯಿಡಾ ಕಡೆ ಕೇಳಿಬರುತ್ತಿದೆ. ದಕ್ಷಿಣ ಚೀನಾ ಹುಲಿಯ ಉದಾಹರಣೆಯನ್ನೂ ಕೊಡುತ್ತಾರೆ. ದಯವಿಟ್ಟು ಆ ಉದಾಹರಣೆಯನ್ನು ಪೂರ್ತಿ ನೋಡಿ.

ಆ ಉಪಪ್ರಭೇದ ಕಾಡಿನಲ್ಲಿ ಕಾಣದೆ ದಶಕಗಳಾದವು. ಉಳಿದಿರುವುದೆಲ್ಲ ಆರೇ ಹುಲಿಗಳ ಸಂತತಿ. ಚೀನಾದವರಿಗೆ ಬೇರೆ ದಾರಿಯೇ ಇರಲಿಲ್ಲ. 2003ರಲ್ಲಿ ಮರಿಗಳನ್ನು ದಕ್ಷಿಣ ಆಫ್ರಿಕಾದ ಲಾವೋಹು ಕಣಿವೆಗೆ ಒಯ್ದರು. ಅಲ್ಲಿ ಬೇಲಿಯೊಳಗೆ ಬ್ಲೆಸ್‌ಬಾಕ್ ಎಂಬ ಹುಲ್ಲೆಯನ್ನು ಬೇಟೆಯಾಡಲು ಕಲಿತವು, ಮರಿಯನ್ನೂ ಹಾಕಿದವು. ಚೀನಾದ ಕಾಡಿಗೆ ಮಾತ್ರ ಒಂದೂ ಮರಳಿಲ್ಲ. ಬೇಟೆ ಕಲಿಸಬಹುದು, ಮಾಂಸ ತಂದುಕೊಡುವ ಮನುಷ್ಯನನ್ನು ನೋಡುತ್ತ ಬೆಳೆದ ಹುಲಿಗೆ ಮನುಷ್ಯನ ಭಯ ಕಲಿಸುವುದು ಬಲು ಕಷ್ಟ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಕಾಡಿನ ಅನಾಥ ಮರಿಗಳೇ ಕನಿಷ್ಠ ಎರಡು ವರ್ಷ ಆವರಣದೊಳಗೆ ಬೆಳೆದಿರಬೇಕು, ಅಲ್ಲಿ ಕನಿಷ್ಠ 50 ಬೇಟೆ ಯಶಸ್ವಿಯಾಗಿರಬೇಕು ಎನ್ನುತ್ತದೆ. ಮಧ್ಯಪ್ರದೇಶದ ಕಾನ್ಹಾದಲ್ಲಿ ಬೆಳೆದ ಅನಾಥ ಹೆಣ್ಣುಹುಲಿಯೊಂದನ್ನು 2011ರಲ್ಲಿ ಪನ್ನಾಕ್ಕೆ ಬಿಟ್ಟಾಗ ಅದು ಬದುಕಿ ಮರಿ ಹಾಕಿತು, ನಿಜ. ಆದರೆ 2018ರಲ್ಲಿ ಒಡಿಶಾದ ಸತ್ಕೋಸಿಯಾಕ್ಕೆ ತಂದಿದ್ದು ಕಾಡಿನದೇ ಹುಲಿಗಳನ್ನು. ಗಂಡು ಉರುಳಿನ ಗಾಯದಿಂದ ಸತ್ತಿತು. ಹೆಣ್ಣನ್ನು ಜನರ ವಿರೋಧದ ನಡುವೆ ಸೆರೆಹಿಡಿದು, ಕೊನೆಗೆ ಮಧ್ಯಪ್ರದೇಶಕ್ಕೆ ಕಳಿಸಬೇಕಾಯಿತು.

ಕಾಳಿಗೆ ಹುಲಿ ತಾನಾಗಿ ಬರಬಲ್ಲದು. ಗೋವಾ, ಭೀಮಗಡದ ಕಾಡುಗಳು ಇದಕ್ಕೆ ತಾಗಿಕೊಂಡೇ ಇವೆ. ಕೊರತೆ ಇರುವುದು ಆಹಾರದ್ದು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ ಗಾತ್ರದ ಪ್ರಾಣಿ ಬೇಕು. ಹಿಂಡು ಕರಗದೆ ಅಷ್ಟು ಸಿಗಬೇಕೆಂದರೆ ಕಾಡಿನಲ್ಲಿ 500 ಇರಬೇಕು. ಕಾಳಿಯೊಳಗಿನ ಅಣಶಿಯ ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆರಳಲ್ಲಿ ಹುಲ್ಲೇ ಬೆಳೆಯುವುದಿಲ್ಲ. ಅಲ್ಲಿ ಚುಕ್ಕೆ ಜಿಂಕೆ ತಂದು ಬಿಟ್ಟರೆ ದುಡ್ಡು ದಂಡ. ಕುಳಗಿ, ಫಣಸೋಲಿ ಕಡೆಯ ಎಲೆ ಉದುರುವ ಕಾಡಿನಲ್ಲಿ ಲಂಟಾನ, ಯುಪಟೋರಿಯಂ ಕಳೆಗಳನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸಿ. ಬರೀ ಕತ್ತಿಯಲ್ಲಿ ಸವರಿದರೆ ಮುಂದಿನ ಮಳೆಗೆ ದುಪ್ಪಟ್ಟು ಚಿಗುರುತ್ತದೆ. ಹೊರಗಿನಿಂದ ಜಿಂಕೆ ತರಲೇಬೇಕೆಂದರೆ ಬೋಮಾ ವಿಧಾನದಲ್ಲೇ ತನ್ನಿ: ಆಲಿಕೆಯಾಕಾರದ ಬಟ್ಟೆಯ ಬೇಲಿಯೊಳಗೆ ಮೇವಿನ ಆಸೆಗೆ ತಾವಾಗಿ ಬಂದು, ನೇರ ಲಾರಿ ಹತ್ತಬೇಕು. ಅಟ್ಟಿಸಿಕೊಂಡು ಹಿಡಿದ ಜಿಂಕೆ ಗಾಯವಿಲ್ಲದಿದ್ದರೂ ಸ್ನಾಯು ಕೆಟ್ಟು ಸಾಯುತ್ತದೆ.

ಇಷ್ಟಾಗಿಯೂ ಉರುಳು ತೆಗೆಯದಿದ್ದರೆ ಏನೂ ಉಳಿಯದು. ಭತ್ತ ತೆನೆ ಕಟ್ಟುವ ಹೊತ್ತಿಗೆ ಹಂದಿಗೆಂದು ಬೈಕಿನ ಕ್ಲಚ್ ತಂತಿ ಕಟ್ಟುತ್ತಾರೆ. ಜೀಪಿನಿಂದ ಅದು ಕಾಣುವುದಿಲ್ಲ. ಗದ್ದೆಯಂಚಿನಲ್ಲಿ ಸೊಪ್ಪಿನ ಬೇಲಿ ಕಟ್ಟಿ ನಡುವೆ ಒಂದೇ ಕಿಂಡಿ ಬಿಟ್ಟಿದ್ದರೆ ಆ ಕಿಂಡಿಯಲ್ಲೇ ಉರುಳಿರುತ್ತದೆ. ಕಾವಲು ಸಿಬ್ಬಂದಿ ಸಾಲಾಗಿ ನಡೆದೇ ಹುಡುಕಬೇಕು. ದಿನಗೂಲಿಯವರೇ ಹೆಚ್ಚು ನಡೆಯುವವರು, ಅವರ ಸಂಬಳ ತಡವಾಗಬಾರದು.

ಹುಲಿ ಕೊಂದ ದನದ ಪರಿಹಾರವೂ ಅಷ್ಟೇ. 2020ರ ಜನವರಿಯಲ್ಲಿ ಗಡಿಯಾಚೆ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ತಾಯಿಹುಲಿ, ಮೂರು ಮರಿಗಳು ವಿಷಕ್ಕೆ ಬಲಿಯಾದವು. ದನ ಕಳೆದುಕೊಂಡ ಸಿಟ್ಟು ಅದರ ಹಿಂದಿತ್ತು. ಕಳೇಬರಕ್ಕೆ ವಿಷ ಬೀಳುವುದು ಮೊದಲ ಒಂದೆರಡು ರಾತ್ರಿಯಲ್ಲಿ, ಯಾಕೆಂದರೆ ಹುಲಿ ತಿನ್ನಲು ಮರಳಿ ಬರುತ್ತದೆ. ಆದ್ದರಿಂದ ದನ ಸತ್ತ ದಿನವೇ ಪಂಚನಾಮೆ ಆಗಲಿ, ಕಳೇಬರದ ಬಳಿ ಕ್ಯಾಮೆರಾ ಇಡಲಿ, ಮರುದಿನ ಮಾಲೀಕರ ಕೈಗೆ ಮೊದಲ ಕಂತು ಸೇರಲಿ. ಜೊಯಿಡಾ ವಲಯಗಳಿಗೆ ಈ ಆದೇಶವನ್ನು ಮಳೆಗಾಲ ಮುಗಿಯುವುದರೊಳಗೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಕಾರವಾರ–ಜೊಯಿಡಾ ಭಾಗದ ವನ್ಯಜೀವಿ ಕಾರ್ಯಕರ್ತರು