ಪ್ರಾಗ್‌ನ ಆ ಬೊಂಬೆ ಅಂಗಡಿಯ ಅಮ್ಮನಿಗೆ

ಪ್ರಾಗ್‌ನಲ್ಲಿ ಅದು ನಮ್ಮ ಮೊದಲ ದಿನ. ಬೆಳಗ್ಗೆ ಹಳೇ ಪಟ್ಟಣದ ಚೌಕದಲ್ಲಿ ನಿಂತು 1410ರ ಖಗೋಳ ಗಡಿಯಾರ ನೋಡಿದೆವು. ಹನ್ನೊಂದು ಹೊಡೆದಾಗ ಮೇಲಿನ ಕಿಟಕಿಗಳಲ್ಲಿ ಅಪೊಸ್ತಲರ, ಅಂದರೆ ಯೇಸುವಿನ ಶಿಷ್ಯರ, ಬೊಂಬೆಗಳು ಒಂದೊಂದಾಗಿ ಹಾದುಹೋದವು. ನನ್ನ ಅಮ್ಮ ಮಗುವಿನ ಹಾಗೆ ಕೈ ತಟ್ಟಿದರು. ಅಲ್ಲಿಂದ ಚಾರ್ಲ್ಸ್ ಸೇತುವೆ ದಾಟಿ ನದಿಯಾಚೆಯ ಮಾಲಾ ಸ್ತ್ರಾನಾ ಎಂಬ ಹಳೇ ಬಡಾವಣೆ ಕಡೆ ಇಳಿದೆವು.

ಅಲ್ಲೇ ಕಲ್ಲುಹಾಸಿನ ಮೇಲೆ ಅಮ್ಮನ ಕಾಲು ಉಳುಕಿತು. ನೋಡನೋಡುತ್ತಲೇ ಊದಿಕೊಂಡಿತು. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಭಾಷೆ ಗೊತ್ತಿಲ್ಲ. ಕೈಕಾಲೇ ಆಡಲಿಲ್ಲ ನನಗೆ.

ಪಕ್ಕದ ಬೊಂಬೆ ಅಂಗಡಿಯಿಂದ ನೀವು ಕುರ್ಚಿ ಹಿಡಿದು ಬಂದಿರಿ. ಏನೂ ಕೇಳಲಿಲ್ಲ. ಬಟ್ಟೆಯಲ್ಲಿ ಐಸ್ ಸುತ್ತಿ, ಮಂಡಿಯೂರಿ ಕೂತು, ಅಮ್ಮನ ಪಾದಕ್ಕೆ ಒತ್ತಿದಿರಿ. ಅಮ್ಮ ಸಂಕೋಚದಿಂದ ಕಾಲು ಹಿಂದೆಳೆದುಕೊಂಡರು. ದೊಡ್ಡವರು ತಮ್ಮ ಕಾಲು ಮುಟ್ಟುವುದು ನಮ್ಮ ಕಡೆಯವರಿಗೆ ಕಷ್ಟ ಅಲ್ವಾ. ನೀವು ನಕ್ಕು ಮತ್ತೆ ಮೆಲ್ಲಗೆ ಹಿಡಿದುಕೊಂಡಿರಿ.

ಆಮೇಲೆ ಅಂಗಡಿಗೆ ಬೀಗ ಹಾಕಿ ಟ್ರಾಮ್ ನಿಲ್ದಾಣದವರೆಗೂ ಬಂದಿರಿ. ಮೊದಲು 23 ಬಂತು. ಹಳೇ ಗಾಡಿ, ಮೆಟ್ಟಿಲು ಎತ್ತರ. ಬೇಡ ಎಂದು ತಲೆಯಾಡಿಸಿದಿರಿ. ತಗ್ಗು ನೆಲದ 22 ಬರುವವರೆಗೂ ಅಮ್ಮನ ತೋಳು ಬಿಡಲಿಲ್ಲ. ಟಿಕೆಟ್‌ಗೆ ಮುದ್ರೆ ಒತ್ತುವ ಹಳದಿ ಪೆಟ್ಟಿಗೆಯನ್ನೂ ತೋರಿಸಿದಿರಿ.

ಬಾಗಿಲು ಮುಚ್ಚಿದ ಮೇಲೆ ನನಗೆ ಉಸಿರು ಬಂದಂತಾಯಿತು. ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು. ಆ ಬಟ್ಟೆ ಅಮ್ಮನ ಹತ್ತಿರವೇ ಉಳಿದಿದೆ, ಒಗೆದು ಮಡಚಿಟ್ಟಿದ್ದಾರೆ. ನಿಮ್ಮ ಚೆಕ್ ಭಾಷೆಯಲ್ಲೇ ಧನ್ಯವಾದ ಹೇಳುತ್ತೇನೆ: ದ್ಯೆಕುಯಿ, ಅಮ್ಮಾ.